ಬಲ ಮುಂಗಾಲಿನ ಸೀಳು: 15ನೇ ವಾರ, ಕೊನೆಗೂ ಹಿಮ್ಮಡಿ ಊರಿತು

ರಂಗೋಲಿ ಪುಡಿ ಸುಳ್ಳು ಹೇಳುವುದಿಲ್ಲ. ಕಾಂಕ್ರೀಟಿನ ಮೇಲೆ ಅಡ್ಡಕ್ಕೆ ತೆಳುವಾಗಿ ಪುಡಿ ಉದುರಿಸಿ, ಹಗ್ಗ ಸಡಿಲ ಬಿಟ್ಟು ಕುದುರೆಯನ್ನು ನಡೆಸಿದರೆ, ಗೊರಸಿನ ಯಾವ ಭಾಗ ಮೊದಲು ನೆಲ ಮುಟ್ಟಿತೋ ಅಲ್ಲಿಂದ ಮೊದಲು ಪುಡಿ ಹಾರುತ್ತದೆ. ಇಷ್ಟು ದಿನ ಹಾರುತ್ತಿದ್ದದ್ದು ಟೋ (ಗೊರಸಿನ ಮುಂತುದಿ) ಕಡೆಯಿಂದ. ಲಾಳ ಕಿತ್ತ 15ನೇ ವಾರದ ಈ ಭಾನುವಾರ ಹಿಂದಿನಿಂದ ಹಾರಿತು. 240 ಎಫ್‌ಪಿಎಸ್ ಸ್ಲೋ ಮೋಷನ್ ವಿಡಿಯೊದಲ್ಲಿ 20 ಹೆಜ್ಜೆ ಎಣಿಸಿದರೆ 13 ಹಿಮ್ಮಡಿ ಮೊದಲು, 6 ಸಪಾಟು, 1 ಟೋ ಮೊದಲು. ಆ ಒಂದು ಹೆಜ್ಜೆಗೆ ನಾಯಿ ಅಡ್ಡ ಬಂದಿತ್ತು, ಆದರೂ ಲೆಕ್ಕದಿಂದ ತೆಗೆದಿಲ್ಲ. 4ನೇ ವಾರದಲ್ಲಿ ಇದೇ 20ರಲ್ಲಿ 17 ಟೋ ಮೊದಲಿದ್ದವು.

ಹೊಸದಾಗಿ ಓದುವವರಿಗೆ ಎರಡೇ ಮಾತು. ರೇಸ್ ಬಿಟ್ಟ ಥರೋಬ್ರೆಡ್, 9 ವರ್ಷದ ಗೆಲ್ಡಿಂಗ್ (ಬೀಜ ತೆಗೆದ ಗಂಡು). ಉದ್ದ ಟೋ, ಮುಂದಕ್ಕೆ ಮಲಗಿದ ಹಿಮ್ಮಡಿ, ಎಕ್ಸ್-ರೇಯಲ್ಲಿ ಟೋ ಕೆಳಗೆ 9 ಎಂಎಂ ಸೋಲ್ (ಗೊರಸಿನ ತಳದ ಪದರ). ಎರಡು ವರ್ಷ ತುಂಬುವ ಹೊತ್ತಿಗೇ ತರಬೇತಿ, ಲಾಳ, ಆಮೇಲೆ ಅಲ್ಯೂಮಿನಿಯಂ ಪ್ಲೇಟು ಎಂದು ಬೆಳೆದ ಕುದುರೆಗಳಲ್ಲಿ ಗೊರಸಿನ ಹಿಂಭಾಗ ಎಷ್ಟೋ ಸಲ ಬಲಿಯುವುದೇ ಇಲ್ಲ. ಡಿಜಿಟಲ್ ಕುಶನ್ (ಹಿಮ್ಮಡಿಯೊಳಗಿನ ಮೆತ್ತೆ) ಒತ್ತಿದರೆ ಗಟ್ಟಿ ರಬ್ಬರಿನ ಹಾಗೆ ಎದುರೊತ್ತಬೇಕು. ಇಲ್ಲಿ ಹೆಬ್ಬೆರಳು ನೀರು ಹಿಂಡಿದ ಸ್ಪಂಜಿಗೆ ಇಳಿದಂತೆ ಇಳಿಯುತ್ತಿತ್ತು. ಆ ಕುಶನ್ ಕೆಲಸದಿಂದಲೇ ಬಲಿಯುತ್ತದೆ ಎಂದು ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದ ಗೊರಸು ಸಂಶೋಧಕ ರಾಬರ್ಟ್ ಬೌಕರ್ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಾರೆ. ಕೆಲಸ ಎಂದರೆ ಹಿಮ್ಮಡಿ ನೆಲಕ್ಕೆ ಊರುವುದು. ಅದೇ ಆಗದಿದ್ದರೆ?

ಲಾಳ ಕಿತ್ತದ್ದು, ಮೊದಲ ಟ್ರಿಮ್ (ಗೊರಸು ಕತ್ತರಿಸಿ ತಿದ್ದುವುದು), ಮಸ್ಟಾಂಗ್ ರೋಲ್ (ಗೋಡೆಯ ಅಂಚು ಉರುಟು ಮಾಡುವುದು), ಎರಡನೇ ವಾರದ ಸಣ್ಣ ಕೀವು, ಇವೆಲ್ಲ ಲಾಳ ಬಿಡಿಸಿದವರಿಗೆಲ್ಲ ಗೊತ್ತಿರುವ ದಾರಿಯೇ. ಬರೆದು ಕೊರೆಯುವುದಿಲ್ಲ. ಲಾಳ ಕಿತ್ತ ಮುಹೂರ್ತ ಮಾತ್ರ ಜೂನ್ ಮೊದಲ ವಾರ. ಬೆಂಗಳೂರು ಸುತ್ತ ಮಳೆ ಹಿಡಿಯುವ ಕಾಲ. ಇದಕ್ಕಿಂತ ಕೆಟ್ಟ ಮುಹೂರ್ತ ಪಂಚಾಂಗದಲ್ಲಿ ಇರಲಿಕ್ಕಿಲ್ಲ. ಮುಂದಿನ ಕುದುರೆಗೆ ಜನವರಿ.

ಈ ಬರಹ ಪೂರ್ತಿ ಒಂದೇ ಸೀಳಿನ ಬಗ್ಗೆ. ಗೊರಸು ಎತ್ತಿ ಹಿಂದಿನಿಂದ ನೋಡಿದರೆ ಎರಡು ಹಿಮ್ಮಡಿ ಉಬ್ಬುಗಳ ನಡುವೆ ಫ್ರಾಗಿನ (ಗೊರಸಿನ ತಳದ ತ್ರಿಕೋನದ ಮೆತ್ತೆ) ಮಧ್ಯದ ತಗ್ಗು ಇರಬೇಕು. ಹೆಬ್ಬೆರಳ ಗುರುತಿನಷ್ಟು, ಅಗಲವಾಗಿ, ತಳ ಕಾಣುವಂತೆ. ಇಲ್ಲಿ ಇದ್ದದ್ದು ತಗ್ಗಲ್ಲ, ಗೆರೆ. ಕೂದಲಂಚನ್ನೂ ದಾಟಿ ಮೇಲಕ್ಕೆ ಹೋಗಿದೆ. ಮೇಲಿನಿಂದ ನೋಡಿದರೆ ಒಣಗಿದ ಗೀರು, ಏನೂ ಇಲ್ಲ ಎನ್ನಿಸುತ್ತದೆ. ಎರಡು ಉಬ್ಬುಗಳನ್ನು ಹೆಬ್ಬೆರಳುಗಳಿಂದ ಬಿಡಿಸಿ ಕಿವಿಕಡ್ಡಿ ಇಳಿಸಿದರೆ ಇಳಿಯುತ್ತಲೇ ಹೋಯಿತು. ಕಡ್ಡಿಯ ಮೇಲೆ ಉಗುರಿನಿಂದ ಗುರುತು ಮಾಡಿ ಅಳೆದರೆ 22 ಎಂಎಂ. ಹೊರಬಂದ ಹತ್ತಿ ಬೂದು-ಕಪ್ಪು, ವಾಸನೆ ವಾರ ಮುಚ್ಚಿಟ್ಟ ಕೋಸಿನದು. ಕಡ್ಡಿ ತಳ ಮುಟ್ಟಿದ ಕೂಡಲೇ ಕುದುರೆ ಕಾಲು ಕಿತ್ತುಕೊಂಡಿತು. ‘ಕುದುರೆ ಕಂಡರೆ ಕಾಲು ನೋವು’ ಎಂದು ಮನುಷ್ಯರನ್ನು ಆಡಿಕೊಳ್ಳುತ್ತೇವೆ, ಇಲ್ಲಿ ಕುದುರೆಗೇ ನೋವು.

ಇದೇ ಸಿಕ್ಕು. ಸೀಳು ನೋಯುವುದರಿಂದ ಹಿಮ್ಮಡಿ ಊರುವುದಿಲ್ಲ. ಊರದ ಹಿಮ್ಮಡಿ ಅಗಲವಾಗುವುದಿಲ್ಲ, ಇನ್ನಷ್ಟು ಒಳಕ್ಕೆ ಸೇರುತ್ತದೆ. ಸೇರಿದಷ್ಟೂ ಸೀಳಿನ ಬಾಯಿ ಮುಚ್ಚಿ ಒಳಗೆ ಗಾಳಿ ಇಲ್ಲದಂತಾಗುತ್ತದೆ. ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ. ದನ-ಕುರಿಗಳ ಗೊರಸು ಕೊಳೆಯುವುದರಲ್ಲೂ ಇದರ ಕೈ ಇದೆ. ಜತೆಗೆ ಶಿಲೀಂಧ್ರ ಸೇರಿಕೊಳ್ಳುತ್ತದೆ. ಅರ ಎಷ್ಟು ಚೆನ್ನಾಗಿ ಎಳೆದರೂ ಈ ಸುತ್ತು ಹೊರಗಿನಿಂದ ಬಿಚ್ಚುವುದಿಲ್ಲ. ಇದು ಅರ್ಥವಾಗಲು ಆರು ವಾರ ಹಿಡಿಯಿತು.

ಆ ಆರು ವಾರ ಮಾಡಿದ ತಪ್ಪುಗಳು ಬೇರೆಯವರಿಗಾದರೂ ಉಪಯೋಗವಾಗಲಿ.

ಮೊದಲನೆಯದು, ಟೋ-ಮೊದಲ ನಡಿಗೆಯನ್ನು ಟ್ರಿಮ್‌ನಿಂದಲೇ ಸರಿಮಾಡಲು ಹೋದದ್ದು. ಟೋ ಅಂಚಿನ ಓರೆಯನ್ನು (ಬೆವೆಲ್) ಹಿಂದಕ್ಕೆ ತಂದದ್ದು ಸರಿಯೇ. ಆದರೆ ಹಿಮ್ಮಡಿಯನ್ನು ಫ್ರಾಗಿನ ಅತಿ ಅಗಲದ ಜಾಗಕ್ಕೆ ಒಂದೇ ಸಲಕ್ಕೆ ತರಬೇಕೆಂದು ಜೀವಂತ ಸೋಲಿನ ಮಟ್ಟಕ್ಕೇ ಇಳಿಸಿದರೆ, ನೋಯುವ ಫ್ರಾಗ್ ನೆಲಕ್ಕೆ ಇನ್ನಷ್ಟು ಹತ್ತಿರ. ಮರುದಿನವೇ ಹೆಜ್ಜೆ ಗಿಡ್ಡವಾಯಿತು. ಈಗ ಹಿಮ್ಮಡಿಯನ್ನು ಸೋಲಿಗಿಂತ 3 ಎಂಎಂ ಎತ್ತರ ಬಿಟ್ಟು, ಮೂರು ವಾರಕ್ಕೊಮ್ಮೆ ಅರದಲ್ಲಿ ನಾಲ್ಕೈದು ಎಳೆತ ಮಾತ್ರ. ಮಲಗಿದ ಹಿಮ್ಮಡಿ ವಾರದಲ್ಲಿ ಎದ್ದು ನಿಲ್ಲುವುದಿಲ್ಲ. ಗೊರಸಿನ ಗೋಡೆ ತಿಂಗಳಿಗೆ ಬೆಳೆಯುವುದು 6ರಿಂದ 10 ಎಂಎಂ.

ಎರಡನೆಯದು ಮೈಲುತುತ್ತ. ಅಡಿಕೆ ತೋಟವಿರುವವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಚೀಲ ಇದ್ದೇ ಇರುತ್ತದೆ, ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಮೇಲುಮೇಲಿನ ಥ್ರಷ್‌ಗೆ (ಫ್ರಾಗ್ ಕೊಳೆಸುವ ಸೋಂಕು), ಸತ್ತ ಕೊಂಬಿನ (ಗೊರಸಿನ ಗಟ್ಟಿ ಭಾಗ) ಪದರಕ್ಕೆ ಅದು ಕೆಲಸ ಮಾಡುತ್ತದೆ. 22 ಎಂಎಂ ಆಳದಲ್ಲಿ ಇರುವುದು ಕೊಂಬಲ್ಲ, ಹಸಿ ಮಾಂಸ. ಹರಳು ತುಂಬಿದರೆ ಅದು ಸುಡುತ್ತದೆ, ಸುಟ್ಟ ಪದರ ಸಾಯುತ್ತದೆ, ಸತ್ತ ಪದರವೇ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ವಾಸನೆ ನಾಲ್ಕು ದಿನ ಹೋಗಿ ಐದನೇ ದಿನ ವಾಪಸು. ಫಾರ್ಮಲಿನ್, ಬ್ಲೀಚ್, ಹೈಡ್ರೋಜನ್ ಪೆರಾಕ್ಸೈಡ್ ಕಥೆಯೂ ಇದೇ. ಅಳತೆಗೆ ಒಂದು ಸುಲಭ ಸೂತ್ರ: ನಿಮ್ಮ ಬೆರಳಿನ ಗಾಯಕ್ಕೆ ಹಾಕಿಕೊಳ್ಳಲು ಧೈರ್ಯವಿಲ್ಲದ್ದನ್ನು ಸೀಳಿನ ತಳಕ್ಕೂ ಹಾಕಬೇಡಿ.

ಮೂರನೆಯದು, ತೊಳೆಯುವ ಭಕ್ತಿ. ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವ ಆಳುಗಳಿಗೆ) ಗೊರಸು ತೊಳೆದು ಹೊಳೆಯಿಸುವುದೇ ಕೆಲಸದ ಗುರುತು. ದಿನಕ್ಕೆರಡು ಬಾರಿ ಪೈಪ್ ಹಿಡಿದು, ಒದ್ದೆ ಗೊರಸಿನಲ್ಲೇ ಒದ್ದೆ ಹುಲ್ಲಿನ ಮೇಲೆ ಕಟ್ಟಿದರೆ ಯಾವ ಔಷಧವೂ ನಿಲ್ಲದು. ಬ್ರಷ್ ಮತ್ತು ಒಣ ಬಟ್ಟೆ ಎಂದು ಒಪ್ಪಿಸಲು ಟ್ರಿಮ್ ಕಲಿಯುವುದಕ್ಕಿಂತ ಹೆಚ್ಚು ತಾಳ್ಮೆ ಬೇಕು.

7ನೇ ವಾರ ದಾರಿ ಬದಲಾಯಿತು. ಮೊದಲು ವೆಟ್. ಗೊರಸಿಗೆ ಹೋಗುವ ಪಾಲ್ಮರ್ ಡಿಜಿಟಲ್ ನರಕ್ಕೆ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟ ಕೆಲವೇ ನಿಮಿಷಕ್ಕೆ ಹೆಜ್ಜೆ ಸಪಾಟಾಯಿತು. ಅಂದರೆ ನೋವು ಹೆಚ್ಚಾಗಿ ಗೊರಸಿನ ಹಿಂಭಾಗದ್ದೇ ಇರಬೇಕು. ಬ್ಲಾಕ್ ನಾವಿಕ್ಯುಲರೋ (ಗೊರಸಿನೊಳಗಿನ ಹಿಂಭಾಗದ ಸಣ್ಣ ಮೂಳೆಯ ತೊಂದರೆ) ಸೀಳೋ ಎಂದು ಬಿಡಿಸಿ ಹೇಳುವುದಿಲ್ಲ. ಎಕ್ಸ್-ರೇಯಲ್ಲಿ ನಾವಿಕ್ಯುಲರ್ ಮೂಳೆಯಲ್ಲಿ ದೋಷ ಕಾಣಲಿಲ್ಲ, ಅನುಮಾನ ಸೀಳಿನ ಮೇಲೇ ನಿಂತಿತು. ಟೆಟನಸ್ ಲಸಿಕೆ ಹಾಕಿಸಿದ್ದೀರಾ ನೋಡಿಕೊಳ್ಳಿ. ಕುದುರೆಯಷ್ಟು ಬೇಗ ಟೆಟನಸ್‌ಗೆ ಸಿಕ್ಕುವ ಸಾಕುಪ್ರಾಣಿ ಇಲ್ಲ, ಆಳದ ಗಾಳಿಯಾಡದ ಗಾಯ ಎಂದರೆ ಅದಕ್ಕೆ ಹಾಸಿದ ಮಂಚ.

ಔಷಧ ಸರಳ: ಕ್ಲೋಟ್ರಿಮಜೋಲ್ 1% ಕ್ರೀಮ್ ಮತ್ತು ನಿಯೋಸ್ಪೋರಿನ್ ಮುಲಾಮು, ಸಮಸಮ. ಒಂದು ಶಿಲೀಂಧ್ರಕ್ಕೆ, ಇನ್ನೊಂದು ಬ್ಯಾಕ್ಟೀರಿಯಾಕ್ಕೆ. ಬೇರ್‌ಫೂಟ್ (ಲಾಳವಿಲ್ಲದ) ಟ್ರಿಮ್ಮರ್‌ಗಳಲ್ಲಿ ಹಳೆಯ ಕೂಟವೇ, ವೆಟ್ ಕೂಡ ತಲೆಯಾಡಿಸಿದರು. ಕೂಟಕ್ಕಿಂತ ಅದು ತಳಕ್ಕೆ ತಲುಪುವುದು, ತಲುಪಿ ಒಂದು ದಿನ ಅಲ್ಲೇ ಇರುವುದು ಮುಖ್ಯ.

ದಿನದ ಕ್ರಮ ಹೀಗೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. ತುದಿ ಬಾಗಿದ ಡೆಂಟಲ್ ಸಿರಿಂಜಿನಲ್ಲಿ 20 ಎಂಎಲ್‌ನಷ್ಟು, ತಳದಿಂದ ಮೇಲಕ್ಕೆ ಕೊಳೆ ಬರುವ ಹಾಗೆ ನಿಧಾನಕ್ಕೆ. ಆಮೇಲೆ ಗಾಜ್ ಬಟ್ಟೆಯ ಪಟ್ಟಿಯನ್ನು ಸೀಳಿನೊಳಗೆ ಇಳಿಸಿ ಉದ್ದಕ್ಕೆ ಎಳೆಯುವುದು, ಹಲ್ಲಿನ ಸಂದಿಗೆ ದಾರ ಎಳೆದ ಹಾಗೆ. ಎರಡು ಪಟ್ಟಿ, ಎರಡನೆಯದು ಒಣಗಿಯೇ ಹೊರಬರಬೇಕು. ರಕ್ತ ಕಂಡರೆ ಕೈ ಜೋರಾಗಿದೆ, ನಿಲ್ಲಿಸಿ. ಐದು ನಿಮಿಷ ಗಾಳಿಗೆ ಬಿಟ್ಟು 2-3 ಎಂಎಲ್ ಮುಲಾಮು ತಳಕ್ಕೆ. ಕೊನೆಗೆ 1 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಗಾಜ್ ಪಟ್ಟಿಗೆ ಅದೇ ಮುಲಾಮು ಸವರಿ ಸಡಿಲವಾಗಿ ಮಡಿಸಿ ತುಂಬುವುದು, ತುದಿ ಹೊರಗೆ ಕಾಣುತ್ತಿರಲಿ. ಮೊದಲ ಹತ್ತು ದಿನ ದಿನಕ್ಕೆರಡು ಸಲ, ಆಮೇಲೆ ಒಂದು. ಹತ್ತಿ ಬೇಡ. ಎಳೆ ಬಿಟ್ಟು ಒಳಗೇ ಉಳಿಯುತ್ತದೆ, ಎರಡು ದಿನಕ್ಕೆ ಗೊಬ್ಬರ.

ಫ್ರಾಗಿಗೆ ಚಾಕು ಹಾಕಲಿಲ್ಲ. ಜೋತುಬಿದ್ದು ಕೊಳೆ ಮುಚ್ಚಿಡುವ ಚೂರುಗಳನ್ನು ಮಾತ್ರ ಬಾಗಿದ ಸಣ್ಣ ಕತ್ತರಿಯಲ್ಲಿ ಕತ್ತರಿಸಿದ್ದು. ‘ಚಂದ ಮಾಡಲು’ ಕೆತ್ತಿದ ಫ್ರಾಗ್ ಚಂದವಾಗಿಯೇ ನೋಯುತ್ತದೆ.

ಆಳದ ಲೆಕ್ಕ: 7ನೇ ವಾರ 22, 9ನೇ ವಾರ 15, 10ನೇ ವಾರ 12. ಅಲ್ಲಿಗೆ ಎಂಟು ದಿನ ಗೂಟ ಹೊಡೆದ ಹಾಗೆ ನಿಂತಿತು. ವಾಸನೆಯಿಲ್ಲ, ತಳ ಗುಲಾಬಿ, ಆದರೂ 12. ಕಾರಣ ಔಷಧದಲ್ಲಿರಲಿಲ್ಲ, ಪಟ್ಟಿಯಲ್ಲಿತ್ತು. ಸೀಳು ಮೇಲೆ ಬಂದರೂ ಪಟ್ಟಿ ಅದೇ 12 ಸೆಂ.ಮೀ., ಬಿಗಿಯಾಗಿ ತುರುಕಿದ್ದು. ತುಂಬಿಕೊಳ್ಳಬೇಕಾದ ಮಾಂಸಕ್ಕೆ ಜಾಗವೇ ಇಲ್ಲ, ಗಾಜ್ ಬೆಣೆಯಾಗಿ ಕೂತಿದೆ. ಪಟ್ಟಿಯನ್ನು 6 ಸೆಂ.ಮೀ.ಗೆ ಇಳಿಸಿದ ಮೇಲೆ ಮತ್ತೆ ಹೊರಟಿತು. 12ನೇ ವಾರ 8 ಎಂಎಂ, ಅಲ್ಲಿಂದ ಮುಲಾಮು ನಿಲ್ಲಿಸಿ ಮಕ್ಕಳ ಡಯಾಪರ್ ರಾಶ್‌ಗೆ ಹಚ್ಚುವ ಜಿಂಕ್ ಆಕ್ಸೈಡ್ ಕ್ರೀಮ್. ಆ್ಯಂಟಿಬಯೋಟಿಕ್ ಅನ್ನು ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚು ಹಾಕಬಾರದು. ಈಗ 4 ಎಂಎಂ, ಕಿವಿಕಡ್ಡಿ ಇಳಿಸಿದರೆ ಕುದುರೆ ಹುಲ್ಲು ತಿನ್ನುತ್ತಲೇ ಇರುತ್ತದೆ.

ಆದರೆ ಸೀಳು ತುಂಬುತ್ತಾ ಬಂದ ಕೂಡಲೇ ನಡಿಗೆ ಬದಲಾಗಲಿಲ್ಲ. ಕುದುರೆಗೆ ನೋವಿನ ನೆನಪು ಉದ್ದ. 12ನೇ ವಾರದಲ್ಲೂ 20ರಲ್ಲಿ 11 ಟೋ ಮೊದಲು. ಅಲ್ಲಿ ಕೈಹಿಡಿದದ್ದು ಗೊರಸಿಗೆ ಹಾಕುವ ಬೂಟು ಮತ್ತು ಅದರೊಳಗಿನ ಪ್ಯಾಡ್. 12 ಎಂಎಂ ಇವಿಎ (ಒಂದು ಬಗೆಯ ಫೋಮ್) ಹಾಳೆಯಿಂದ ಗೊರಸಿನ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಫ್ರಾಗಿನ ಆಕಾರದ 6 ಎಂಎಂ ತುಂಡು ಅಂಟಿಸಿದ್ದು. ಗೊರಸಿಗೆ ಸುಣ್ಣದ ಕಡ್ಡಿ ಸವರಿ ಪ್ಯಾಡ್ ಮೇಲೆ ಒತ್ತಿದರೆ ಫ್ರಾಗ್ ಎಲ್ಲಿ ಕೂರುತ್ತದೆಂದು ಗುರುತು ಬೀಳುತ್ತದೆ. ತುರ್ತಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯೂ ಆದೀತು, ಅದರ ಉಂಗುಷ್ಠದ ತೂತು ಮಾತ್ರ ಹಿಮ್ಮಡಿ ಕಡೆ ಬರದಿರಲಿ. ದಿನಕ್ಕೆ 2 ಗಂಟೆ, ಗಟ್ಟಿ ನೆಲದಲ್ಲಿ ಕೈಹಿಡಿದ ನಡಿಗೆ. ಅದಕ್ಕಿಂತ ಹೆಚ್ಚಾದರೆ ಒಳಗೆ ಬೆವರಿ ಥ್ರಷ್ ಮತ್ತೆ ಹಾಜರ್. ಬೂಟಿನೊಳಗೆ ಕ್ಲೋಟ್ರಿಮಜೋಲ್ ಪೌಡರ್ ಒಂದು ಚಿಟಿಕೆ, ಬಿಚ್ಚಿದ ಮೇಲೆ ಪ್ಯಾಡ್ ಬಿಸಿಲಿಗೆ.

ಸಾಮಾನಿನ ಗೋಳು ಹೇಳದಿದ್ದರೆ ಹೊಟ್ಟೆನೋವು ಬಂದೀತು. 14 ಇಂಚಿನ ಗೊರಸಿನ ಅರ ಆರ್ಡರ್ ಮಾಡಿದರೆ ಬಂದದ್ದು ಬಡಗಿಯ ಅರ್ಧಗುಂಡು ಅರ. ಫೋನಿನಲ್ಲಿ ‘ಎರಡೂ ಉಜ್ಜೋದೇ ಅಲ್ವಾ ಸಾರ್’. ಬೂಟು ಎರಡು ಸಲ ವಾಪಸು. ಟ್ರಿಮ್ ಆದ ದಿನವೇ ಅಗಲ, ಉದ್ದ ಎರಡನ್ನೂ ಎಂಎಂನಲ್ಲಿ ಕೊಟ್ಟರೂ ಅವರು ನೋಡಿದ್ದು ಅಗಲ ಮಾತ್ರ. ಮೆಡಿಕಲ್ ಶಾಪಿನಲ್ಲಿ ಕ್ಲೋಟ್ರಿಮಜೋಲ್ ಹತ್ತು ಟ್ಯೂಬ್ ಕೇಳಿದರೆ ಮನೆಮಂದಿಯ ಕಾಲನ್ನೆಲ್ಲ ವಿಚಾರಿಸುತ್ತಾರೆ. ಕುದುರೆಗೆ ಎಂದರೆ ನಂಬುವುದಿಲ್ಲ.

ಆಹಾರದಲ್ಲಿ ಎರಡೇ ಬದಲಾವಣೆ. ಬೆಲ್ಲ ನಿಲ್ಲಿಸಿದ್ದು, ಗೋಧಿ ಬೂಸಾ ಕಡಿಮೆ ಮಾಡಿದ್ದು. ಬೂಸಾದಲ್ಲಿ ರಂಜಕ ವಿಪರೀತ, ಸುಣ್ಣದಂಶ ಇಲ್ಲವೆನ್ನುವಷ್ಟು. ಸುಮಾರು 500 ಕೆ.ಜಿ. ಕುದುರೆಗೆ ದಿನಕ್ಕೆ ಕನಿಷ್ಠ 100 ಮಿ.ಗ್ರಾಂ ತಾಮ್ರ, 400 ಮಿ.ಗ್ರಾಂ ಸತು ಬೇಕು. ತಾಮ್ರ ಬೇಕೆಂದು ಮೈಲುತುತ್ತ ತಿನ್ನಿಸಲು ಹೋಗಬೇಡಿ, ಲೆಕ್ಕ ಹಾಕಿದ ಖನಿಜ ಮಿಶ್ರಣವೇ ಇರಲಿ.

ಮುಂದಿನ ಯೋಜನೆ ಹಾಗೆಯೇ ತಲೆಯಲ್ಲಿ ಕೊರೆಯುತ್ತಿದೆ: ನೀರಿನ ತೊಟ್ಟಿಯ ಸುತ್ತ ಗುಂಡುಕಲ್ಲಿನ ಅಂಗಳ. ಕುದುರೆ ದಿನಕ್ಕೆ ಹತ್ತು ಸಲ ಬಂದು ನಿಲ್ಲುವ ಜಾಗ ಅದು. 6ರಿಂದ 10 ಎಂಎಂ ಉರುಟು ಕಲ್ಲು, 10 ಸೆಂ.ಮೀ. ದಪ್ಪ. ಗೊರಸು ಇಳಿದಾಗ ಕಲ್ಲು ಸರಿದು ಫ್ರಾಗ್, ಸೋಲ್ ಎಲ್ಲಕ್ಕೂ ಸಮನಾಗಿ ಒತ್ತು ಸಿಗುತ್ತದೆ, ಮಳೆಗೆ ಕೆಸರೂ ಇಲ್ಲ. 4×6 ಮೀಟರಿಗೆ 2.4 ಘನ ಮೀಟರ್, ಅಂದರೆ ಸುಮಾರು 85 ಘನ ಅಡಿ. ಕೆಳಗೆ 40 ಎಂಎಂ ಜಲ್ಲಿ, ನಡುವೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಇಲ್ಲದಿದ್ದರೆ ವರ್ಷದೊಳಗೆ ಕಲ್ಲೆಲ್ಲ ಮಣ್ಣಿನ ಹೊಟ್ಟೆಗೆ. ಕಷ್ಟವೇನೆಂದರೆ ಉರುಟು ಕಲ್ಲು ಕೇಳಿದರೆ ಎಲ್ಲರೂ ಬೇಬಿ ಜಲ್ಲಿ ತೋರಿಸುತ್ತಾರೆ. ಅದು ಕ್ರಷರಿನಲ್ಲಿ ಒಡೆದದ್ದು, ಅಂಚು ಬ್ಲೇಡು. 9 ಎಂಎಂ ಸೋಲಿನ ಕುದುರೆಯನ್ನು ಅದರ ಮೇಲೆ ನಿಲ್ಲಿಸುವ ಬದಲು ಲಾಳವನ್ನೇ ಮತ್ತೆ ಹೊಡೆಯಬಹುದು. ಒಂದು ಮುಷ್ಟಿ ಕಲ್ಲು ಹಿಡಿದು ಬಿಗಿಯಾಗಿ ಅಮುಕಿ, ಕೈ ನೋಯದಿದ್ದರೆ ಮಾತ್ರ ಲೋಡ್ ಇಳಿಸಲು ಹೇಳಿ.

ಇವತ್ತಿನ ಅಳತೆ: ಫ್ರಾಗ್ ಅಗಲ 31 ಇದ್ದದ್ದು 38 ಎಂಎಂ, ಉದ್ದ ಅದೇ 78. ಅಗಲ ಉದ್ದದ ಅರ್ಧ ದಾಟಿ ಇನ್ನೂ ಮುಂದೆ ಹೋಗಬೇಕು, ಈಗ ಬರೀ ಹೊಸ್ತಿಲಲ್ಲಿದೆ. ಹಿಮ್ಮಡಿಗಳ ನಡುವೆ 5 ಎಂಎಂ ಹೆಚ್ಚು. ಟೋ ಗೋಡೆಯ ಮೇಲ್ಭಾಗದ 30 ಎಂಎಂ ಹೊಸ ಕೋನದಲ್ಲಿ ಇಳಿಯುತ್ತಿದೆ, ಅದು ನೆಲ ಮುಟ್ಟಲು ಇನ್ನೂ ಆರೇಳು ತಿಂಗಳು. ಬಲಗಾಲಿನ ಗಲಾಟೆಯಲ್ಲಿ ಎಡಗಾಲನ್ನು ಸರಿಯಾಗಿ ನೋಡಿರಲಿಲ್ಲ. ಅದರ ನಡುಗೆರೆಯೂ ಒಣಗಿದ ಗೀರಿನ ಹಾಗೇ ಕಾಣುತ್ತಿತ್ತು. ಕಿವಿಕಡ್ಡಿ ಇಳಿಸಿದರೆ 9 ಎಂಎಂ. ಪಟ್ಟಿ ಕತ್ತರಿಸಿಟ್ಟಾಗಿದೆ, ಈ ಸಲ 5 ಸೆಂ.ಮೀ.ನಿಂದ ಶುರು.