‘ಒಂದು ಮಾದರಿ ಮಾಡಿ ತೋರಿಸಬಾರದೇ?’

ಗುಳೇದಗುಡ್ಡದ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಪ್ರತಿ ರವಿವಾರ ಮಕ್ಕಳನ್ನು ಕೂಡಿಸಿಕೊಂಡು ಕಲೆಯ ಕೆಲಸ ನಡೆಸುತ್ತೇನೆ. ತಾಯಂದಿರು, ಶಿಕ್ಷಕರು, ಪಂಚಾಯಿತಿ ಸದಸ್ಯರು, ಬಂದವರೆಲ್ಲ ಕೇಳುವುದು ಒಂದೇ: ‘ಅಕ್ಕಾವರೇ, ಒಂದು ಮಾದರಿ ಮಾಡಿ ತೋರಿಸಬಾರದೇ? ಮಕ್ಕಳು ಸುಮ್ಮನೆ ಕೂತಿದ್ದಾರಲ್ಲ!’

ಮೊದಲ ವರ್ಷ ತೋರಿಸುತ್ತಿದ್ದೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಎರೆಮಣ್ಣಿನಲ್ಲಿ ಒಂದು ಎತ್ತು ಮಾಡಿ ನಡುವೆ ಇಟ್ಟೆ. ಅವಸರದಲ್ಲಿ ಅದರ ಎಡಗೋಡು ತುಸು ಗಿಡ್ಡವಾಗಿತ್ತು. ಗಂಟೆಯ ಹೊತ್ತಿಗೆ ಹದಿನಾಲ್ಕು ಎತ್ತುಗಳು ಸಾಲಾಗಿ ನಿಂತವು, ಹದಿನಾಲ್ಕರ ಎಡಗೋಡೂ ಗಿಡ್ಡ. ಮನೆಯಲ್ಲಿ ದಿನಾ ಎತ್ತಿನ ಮೈ ತಿಕ್ಕುವ ಮಕ್ಕಳೂ ತಮ್ಮ ಎತ್ತನ್ನು ಬಿಟ್ಟು ನನ್ನದನ್ನೇ ನೋಡಿದ್ದರು. ಅಂದಿನಿಂದ ಮುಗಿದ ವಸ್ತುವನ್ನು ಎದುರಿಗೆ ಇಡುವುದನ್ನು ಬಿಟ್ಟೆ.

ಹಾಗೆಂದು ಏನನ್ನೂ ಕಲಿಸುವುದಿಲ್ಲ ಎಂದಲ್ಲ. ಜೋಳದ ದಂಟಿನ ಸಿಪ್ಪೆಯನ್ನು ಬೆರಳು ಕೊಯ್ಯದಂತೆ ಸುಲಿಯುವುದು ಹೇಗೆ, ಆ ಸಿಪ್ಪೆಯ ಕಡ್ಡಿಯನ್ನೇ ಮೊಳೆಯಂತೆ ಚುಚ್ಚಿ ಎರಡು ಬೆಂಡು ಕೂಡಿಸುವುದು ಹೇಗೆ, ಮೈದಾ ಅಂಟು ಎಷ್ಟು ಗಟ್ಟಿಯಿರಬೇಕು, ಇವನ್ನೆಲ್ಲ ಕೈ ಹಿಡಿದು ತೋರಿಸುತ್ತೇನೆ. ಅದರಿಂದ ಏನು ಮಾಡಬೇಕು ಎಂಬುದು ಮಾತ್ರ ಅವರಿಗೆ ಸೇರಿದ್ದು.

ಸುಮ್ಮನೆ ಕೂರುವವರು ಇದ್ದಾರೆ, ನಿಜ. ಅಂಗನವಾಡಿಯ ಕೂಸುಗಳು ತಡಪತ್ರಿಯ ಮೇಲೆ ಕೂತ ಕೂಡಲೇ ಕೈ ಹಾಕುತ್ತವೆ. ಐದನೆಯ, ಆರನೆಯ ತರಗತಿಯವರೇ ‘ಇದು ಸರಿಯೇ?’ ಎಂದು ನನ್ನ ಮುಖ ನೋಡುವುದು. ಅರ್ಧ ಗಂಟೆ ಕೂತರೆ ಕೂರಲಿ. ಶಾಲೆಯಲ್ಲಿ ಪರೀಕ್ಷೆ ಇದೆ, ಅಂಕ ಇದೆ. ಗ್ರಂಥಾಲಯದಲ್ಲಿ ಅವೆರಡೂ ಇಲ್ಲ. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗ ಹಳ್ಳಿಯ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಯಾವ ಪುಸ್ತಕ ಬೇಕೆಂದು ಕಪಾಟಿನ ಮುಂದೆ ನಿಂತು ತಾನೇ ಆರಿಸುವ ಮಗುವಿಗೆ ದಂಟು, ಬಟ್ಟೆ, ಮಣ್ಣನ್ನೂ ತಾನೇ ಆರಿಸುವ ಹಕ್ಕಿದೆ ಎಂದು ನಾನು ನಂಬಿದ್ದೇನೆ.

ಕಳೆದ ಸುಗ್ಗಿಯಲ್ಲಿ ದಂಟಿನ ಜೊತೆ ದರ್ಜಿಗಳಿಂದ ತಂದ ಖಣದ, ಅಂದರೆ ನಮ್ಮ ಕಡೆ ನೇಯುವ ಕುಬಸದ ಬಟ್ಟೆಯ, ತುಂಡುಗಳನ್ನೂ ಸುರಿದಿದ್ದೆ. ಹುಡುಗರು ಬಂಡಿ ಕಟ್ಟಿದರು. ನೇಕಾರರ ಮನೆಯ ಒಬ್ಬ ಹುಡುಗಿ ಬಹಳ ಹೊತ್ತು ಒಂದು ರಟ್ಟಿನ ಡಬ್ಬಿಯನ್ನು ಬೋರಲು ಹಾಕಿ ತಿರುಗಿಸುತ್ತಿದ್ದಳು. ಆಮೇಲೆ ಅದರ ಮೇಲೊಂದು ಚೌಕ ತೂತು ಕೊರೆದಳು. ‘ಇದೇನು, ಹೇಳವ್ವ’ ಎಂದೆ. ‘ಕುಣಿ. ಅವ್ವ ಇದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಾಳೆ’ ಎಂದಳು. ಅದರ ಮುಂದೆ ದಂಟಿನ ಮಗ್ಗ ಎದ್ದಿತು, ಮಗ್ಗಕ್ಕೆ ಕೆಂಪು ಖಣದ ತುಂಡು ಬಿಗಿಯಿತು. ಮಗ್ಗದ ಮಾದರಿ ನಾನು ಮಾಡಿದ್ದರೆ ಕುಣಿಯ ನೆನಪೇ ನನಗೆ ಬರುತ್ತಿರಲಿಲ್ಲ.

ಸಂಜೆ ಕರೆದೊಯ್ಯಲು ಬಂದ ಅವಳ ತಾಯಿ, ಎಷ್ಟೋ ಸಲ ನನಗೆ ಇದೇ ಪ್ರಶ್ನೆ ಕೇಳಿದವರು, ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕೂತು ದಿಟ್ಟಿಸಿದರು. ‘ಲಾಳಿ ಎಲ್ಲಿ?’ ಎಂದು ಮಗಳನ್ನು ಕೇಳಿದರು. ಇಬ್ಬರೂ ದಂಟಿನ ಚೂರುಗಳಲ್ಲಿ ಅದಕ್ಕೊಪ್ಪುವ ಬೆಂಡನ್ನು ಹುಡುಕತೊಡಗಿದರು. ನಾನು ಬಾಗಿಲು ಹಾಕುವುದನ್ನು ಸ್ವಲ್ಪ ತಡ ಮಾಡಿದೆ.