"ಇವೆಲ್ಲ ಒಂದೇ ಅಲ್ವಾ?" ಎಂದು ಕೇಳುವವರಿಗೆ

ನನ್ನ ನಾಣ್ಯದ ಆಲ್ಬಮ್ ನೋಡಿದವರು ಎರಡನೇ ಪುಟ ತಿರುಗಿಸುವಷ್ಟರಲ್ಲಿ ಕೇಳುವ ಪ್ರಶ್ನೆ ಇದು: "ಇವೆಲ್ಲ ಒಂದೇ ಅಲ್ವಾ ಸರ್? ಒಂದೇ ನಾಣ್ಯನ ಇಷ್ಟೊಂದು ಯಾಕೆ ಇಟ್ಕೊಂಡಿದೀರಿ?" ಅವರ ಕಣ್ಣಮುಂದೆ ಇರುವುದು ಬ್ರಿಟನ್ನಿನ ಹಳೆಯ ತಾಮ್ರದ ನಾಣ್ಯಗಳು: ಫಾರ್ದಿಂಗ್ (ಅಂದರೆ ಕಾಲು ಪೆನ್ನಿ), ಹಾಫ್ ಪೆನ್ನಿ, ಪೆನ್ನಿ. ಅದೇ ರಾಜನ ಮುಖ, ಹಿಂದೆ ಬ್ರಿಟನ್ನಿನ ಸಂಕೇತವಾದ ಅದೇ ಬ್ರಿಟಾನಿಯಾ ದೇವಿ, ಎಷ್ಟೋ ಸಲ ಇಸವಿಯೂ ಅದೇ. ಪ್ರಶ್ನೆ ನ್ಯಾಯವಾದದ್ದೇ.

ಅವು ಒಂದೇ ಅಲ್ಲ ಎಂಬುದು ನನ್ನ ಉತ್ತರ. ಒಂದೊಂದೂ ಬೇರೆ ಬೇರೆ ಅಚ್ಚಿನಿಂದ ಬಂದದ್ದು, ಆ ಅಚ್ಚುಗಳ ಮೇಲೆ ಅಕ್ಷರ ಹೊಡೆದದ್ದು ಮನುಷ್ಯರ ಕೈ. 1690ರ ದಶಕದಿಂದ 1860ರವರೆಗಿನ ನಾಣ್ಯಗಳನ್ನು ಸಾಲಾಗಿ ಇಟ್ಟರೆ, ಆ ಕೈಯ ಕೆಲಸ ಹಂತಹಂತವಾಗಿ ಯಂತ್ರಕ್ಕೆ ಹೋದದ್ದನ್ನು ತಪ್ಪುಗಳ ಗಾತ್ರದಲ್ಲೇ ಓದಬಹುದು. ಮೊದಮೊದಲು ರಾಜನ ಹೆಸರೇ ತಪ್ಪಾಗಿದೆ. ಕೊನೆಗೆ ಬಂದರೆ, ಎರಡು ಚುಕ್ಕೆ ಅಕ್ಷರಕ್ಕೆ ಹತ್ತಿರ ಇವೆಯೋ ದೂರ ಇವೆಯೋ ಎಂಬಷ್ಟೇ ವ್ಯತ್ಯಾಸ.

ಅಚ್ಚು ಮಾಡುತ್ತಿದ್ದ ರೀತಿ ಗೊತ್ತಾದರೆ ಉಳಿದದ್ದು ಸುಲಭ. ಉಕ್ಕಿನ ತುಂಡಿನ ಮೇಲೆ ರಾಜನ ಮುಖವನ್ನು ಒಂದು ದೊಡ್ಡ ಪಂಚಿನಿಂದ, ಅಂದರೆ ತುದಿಯಲ್ಲಿ ಆಕಾರ ಕಡೆದ ಉಕ್ಕಿನ ಮೊಳೆಯಿಂದ, ಒತ್ತುತ್ತಿದ್ದರು. ಸುತ್ತಲಿನ ಬರಹವನ್ನು ಮಾತ್ರ ಅಕ್ಷರಕ್ಕೊಂದು ಪಂಚು ಹಿಡಿದು ಸುತ್ತಿಗೆಯಲ್ಲಿ ಒಂದೊಂದಾಗಿ ಹೊಡೆಯಬೇಕಿತ್ತು. ರಬ್ಬರ್ ಸ್ಟ್ಯಾಂಪಿನ ತಳ ನೋಡಿದವರಿಗೆ ಗೊತ್ತಿರುವಂತೆ ಅಚ್ಚಿನ ಮೇಲೆ ಎಲ್ಲವೂ ಉಲ್ಟಾ. ಹಾಗಾಗಿ ಕೆಲಸಗಾರ ಬಲದಿಂದ ಎಡಕ್ಕೆ, ಅದೂ ವೃತ್ತಾಕಾರವಾಗಿ, ತನಗೆ ಬಾರದ ಲ್ಯಾಟಿನ್ ಪದಗಳನ್ನು ಜೋಡಿಸುತ್ತಾ ಹೋಗಬೇಕು. ಅಕ್ಷರ ಬಿಟ್ಟುಹೋಗುವುದು, ಅದಲುಬದಲಾಗುವುದು, ತಲೆಕೆಳಗಾಗುವುದು ಎಲ್ಲ ಇಲ್ಲೇ. ಉಕ್ಕಿಗೂ ಅದನ್ನು ಹದ ಮಾಡುವ ಶ್ರಮಕ್ಕೂ ಬೆಲೆ ಇದ್ದುದರಿಂದ ತಪ್ಪಾದ ಅಚ್ಚನ್ನು ಎಸೆಯುತ್ತಿರಲಿಲ್ಲ. ತಪ್ಪು ಅಕ್ಷರದ ಮೇಲೇ ಸರಿಯಾದದ್ದನ್ನು ಹೊಡೆದು ಮುಂದೆ ಹೋಗುತ್ತಿದ್ದರು, ಕೆಲವೊಮ್ಮೆ ಅದನ್ನೂ ಮಾಡುತ್ತಿರಲಿಲ್ಲ.

ಎರಡನೇ ಚಾರ್ಲ್ಸ್ 1672ರಲ್ಲಿ ಶುರುಮಾಡಿದ ತಾಮ್ರದ ಹಾಫ್ ಪೆನ್ನಿಗಳಲ್ಲೇ 'ಕ್ಯಾರೋಲಸ್' (ಲ್ಯಾಟಿನ್‌ನಲ್ಲಿ ಚಾರ್ಲ್ಸ್) ಎಂದಿರಬೇಕಾದ ಕಡೆ ಎ ಮತ್ತು ಆರ್ ಜಾಗ ಬದಲಾಯಿಸಿಕೊಂಡು 'ಕ್ರಾಓಲಸ್' ಆಗಿರುವ ನಾಣ್ಯ ಸಿಗುತ್ತದೆ. ಆದರೆ ಈ ಹವ್ಯಾಸದ ನಿಜವಾದ ಗಣಿ ಮೂರನೇ ವಿಲಿಯಂ ಕಾಲ. 1694ರ ಒಪ್ಪಂದದಲ್ಲಿ ತಾಮ್ರದ ಕೆಲಸವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು, ಏಳು ವರ್ಷದಲ್ಲಿ 700 ಟನ್. ಅದರ ನಡುವೆಯೇ 1696ರಲ್ಲಿ ಇಡೀ ದೇಶದ ಬೆಳ್ಳಿ ನಾಣ್ಯವನ್ನು ಕರಗಿಸಿ ಹೊಸದಾಗಿ ಹೊಡೆಯುವ ಕೆಲಸ ಶುರುವಾಯಿತು. ನ್ಯೂಟನ್ ಟಂಕಸಾಲೆಗೆ ವಾರ್ಡನ್ ಆಗಿ ಬಂದದ್ದೂ ಅದೇ ವರ್ಷ. ಎಲ್ಲರ ಗಮನ ಬೆಳ್ಳಿಯ ಮೇಲೆ. ತಾಮ್ರದ ಮೇಲೆ ಏನು ಬರೆದಿದೆ ಎಂದು ನೋಡುವವರು ಕಡಿಮೆ.

ಪರಿಣಾಮ ಅಕ್ಷರಗಳಲ್ಲಿ ಕಾಣುತ್ತದೆ. 'ಮೂರನೇ' ಎಂಬರ್ಥದ 'ಟೆರ್ಟಿಯಸ್' ಪದದಲ್ಲಿ ಐ ಬಿಟ್ಟುಹೋಗಿ 'ಟೆರ್ಟಸ್'. ವಿಲಿಯಂ ಎಂಬುದರ ಲ್ಯಾಟಿನ್ ರೂಪ 'ಗುಲಿಎಲ್ಮಸ್' ಪದದಲ್ಲಿ ಎರಡನೇ ಎಲ್ ಮಾಯವಾಗಿ 'ಗುಲಿಎಮಸ್'. 'ಬ್ರಿಟಾನಿಯಾ' ಪದದ ಎ ಅಕ್ಷರಗಳಿಗೆ ನಡುವಿನ ಅಡ್ಡಗೆರೆಯೇ ಇಲ್ಲದಿರುವುದು ತೀರಾ ಸಾಮಾನ್ಯ. ಆಗ ಯು ಬದಲು ವಿ ಬರೆಯುತ್ತಿದ್ದುದರಿಂದ ರಾಜನ ಹೆಸರಲ್ಲಿ ವಿ ಪಂಚಿಗೆ ಸಿಕ್ಕಾಪಟ್ಟೆ ಕೆಲಸ. 1701ರ ಕೆಲವು ಹಾಫ್ ಪೆನ್ನಿಗಳಲ್ಲಿ ವಿ ಜಾಗದಲ್ಲಿ ಎ ಪಂಚನ್ನೇ ತಲೆಕೆಳಗೆ ಹಿಡಿದು ಹೊಡೆದಿದ್ದಾರೆ. ಸವೆದ ನಾಣ್ಯದಲ್ಲೂ ಭೂತಗನ್ನಡಿ ಹಿಡಿದರೆ ಆ ಅಡ್ಡಗೆರೆ ವಿ ಹೊಟ್ಟೆಯೊಳಗೆ ಕಾಣುತ್ತದೆ. ಅದನ್ನು ನೋಡಿದಾಗ ನನಗೆ ಆಗುವ ಸಂತೋಷ ಎಷ್ಟು ಹೊಳೆಯುವ ನಾಣ್ಯದಿಂದಲೂ ಆಗುವುದಿಲ್ಲ. ಕೈಗೆ ಸಿಕ್ಕ ಉಪಕರಣದಲ್ಲಿ ಕೆಲಸ ಮುಗಿಸಿದ ಒಬ್ಬ ಮನುಷ್ಯ ಅಲ್ಲಿದ್ದಾನೆ. ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅವನು ಆ ದಿನ ಮಾಡಿದ್ದು ಮಾತ್ರ ಇಲ್ಲಿದೆ.

ತಪ್ಪು ಅಕ್ಷರದ ನಾಣ್ಯ ಎಂದು ಯಾರಾದರೂ ಮಾರಲು ಬಂದರೆ, ಆ ತಪ್ಪು ಹೇಗೆ ಆಗಿರಬಹುದು ಎಂದು ಮೊದಲು ಯೋಚಿಸಬೇಕು. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಎನ್ ಅನ್ನೇ ತೆಗೆದುಕೊಳ್ಳಿ. ಸರಿಯಾದ ಎನ್ ಪಂಚನ್ನು ತಲೆಕೆಳಗೆ ಹಿಡಿದು ಹೊಡೆದರೂ ಎನ್ ಎನ್ ಆಗಿಯೇ ಬೀಳುತ್ತದೆ. ಹಾಗಾದರೆ ಅಕ್ಷರ ಹೊಡೆದವನದಲ್ಲ, ಪಂಚನ್ನೇ ಕಡೆದವನ ತಪ್ಪು ಅದು. ಆ ಪಂಚು ಬಳಸಿದ ಬೇರೆ ಅಚ್ಚುಗಳಲ್ಲೂ ಅದೇ ತಪ್ಪು ಸಿಗಬೇಕು. ಹೀಗೆ ಒಂದು ನಾಣ್ಯದಿಂದ ಇನ್ನೊಂದನ್ನು ಹುಡುಕಿಕೊಂಡು ಹೋಗುವುದರಿಂದಲೇ ಆಲ್ಬಮ್ಮಿನಲ್ಲಿ 'ಒಂದೇ ನಾಣ್ಯ' ಇಷ್ಟೊಂದು ಸೇರುವುದು.

ಎಲ್ಲ ತಪ್ಪೂ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಮೂರನೇ ಜಾರ್ಜ್ ಕಾಲದಲ್ಲಿ, 1775ರ ನಂತರ 1797ರವರೆಗೆ, ಟಂಕಸಾಲೆಯಿಂದ ಹೊಸ ತಾಮ್ರ ಬರಲೇ ಇಲ್ಲ ಎನ್ನಬಹುದು. ಚಿಲ್ಲರೆಗೆ ಬರ ಬಂದಾಗ ಖೋಟಾ ಹಾಫ್ ಪೆನ್ನಿಗಳು ತುಂಬಿಕೊಂಡವು. ರಾಜನ ನಾಣ್ಯವನ್ನು ಹಾಗೆಹಾಗೇ ನಕಲು ಮಾಡಿದರೆ ಶಿಕ್ಷೆ. ಅದಕ್ಕೆ ಕೆಲವರು ದೂರದಿಂದ ಅಸಲಿಯಂತೆ ಕಾಣುವ ನಾಣ್ಯ ಮಾಡಿ ಬರಹವನ್ನು ಮಾತ್ರ ಬೇಕೆಂದೇ ಬದಲಿಸಿದರು: ರಾಜನ ಬಿರುದಿನ ಜಾಗದಲ್ಲಿ 'ಜಾರ್ಜ್ ರೂಲ್ಸ್', ಬ್ರಿಟಾನಿಯಾ ಜಾಗದಲ್ಲಿ 'ಬ್ರಿಟನ್ಸ್ ಐಲ್ಸ್'. ಓದು ಬಾರದ ಗಿರಾಕಿಗೆ ವ್ಯತ್ಯಾಸ ತಿಳಿಯದು, ನ್ಯಾಯಾಲಯದಲ್ಲಿ ಮಾತ್ರ ಅದು ನಕಲು ಅಲ್ಲ. ಇವೂ ಸಂಗ್ರಹಯೋಗ್ಯವೇ, ಆದರೆ ಅಚ್ಚಿನ ತಪ್ಪುಗಳ ಸಾಲಿನಲ್ಲಿ ಇವನ್ನು ಸೇರಿಸಬಾರದು.

1797ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ಪೆನ್ನಿ ಹೊಡೆಯತೊಡಗಿದ ಮೇಲೆ ಚಿತ್ರವೇ ಬದಲಾಯಿತು. ಒಂದು ಔನ್ಸ್ ತೂಕದ ಪೆನ್ನಿ, ಎರಡು ಔನ್ಸಿನ ಎರಡು ಪೆನ್ಸ್, ದಪ್ಪ ಅಂಚಿನೊಳಗೆ ಕೊರೆದಂತಿರುವ ಅಕ್ಷರ. ಜನ ಅದನ್ನು ಗಾಡಿಚಕ್ರ ಎಂದೇ ಕರೆದರು. ಕಾಗುಣಿತದ ತಪ್ಪು ಇಲ್ಲಿ ಹುಡುಕುವುದು ವ್ಯರ್ಥ. ವ್ಯತ್ಯಾಸ ಚಿತ್ರದ ಮೂಲೆಗಳಿಗೆ ಸರಿಯಿತು: 1799ರ ಹಾಫ್ ಪೆನ್ನಿಯಲ್ಲಿ ಬ್ರಿಟಾನಿಯಾ ಪಕ್ಕದ ಹಡಗಿಗೆ ಐದು ಫಿರಂಗಿ ಕಿಂಡಿಗಳೋ, ಆರೋ, ಒಂಬತ್ತೋ, ಒಂದೂ ಇಲ್ಲವೋ; 1806ರದರಲ್ಲಿ ಆಲಿವ್ ಕೊಂಬೆಗೆ ಕಾಯಿ ಇವೆಯೋ ಇಲ್ಲವೋ.

ವಿಕ್ಟೋರಿಯಾ ಕಾಲದ ತಾಮ್ರದ ಪೆನ್ನಿಯಲ್ಲಿ ಇದು ಇನ್ನೂ ಸೂಕ್ಷ್ಮ. ಬ್ರಿಟಾನಿಯಾ ಹಿಡಿದ ತ್ರಿಶೂಲದ ಮೊನೆಗಳ ಬುಡದಲ್ಲಿ ಅಲಂಕಾರ ಇದೆಯೇ ಇಲ್ಲವೇ, ಧರ್ಮರಕ್ಷಕಿ ಎಂಬ ಬಿರುದಿನ ಚುಟುಕು ರೂಪದಲ್ಲಿ ಬರುವ 'ಡೆಫ್' ನಂತರದ ಎರಡು ಚುಕ್ಕೆ ಹತ್ತಿರವೋ ದೂರವೋ ಎಂದು ನೋಡಬೇಕು. ಹಾಗೆಂದು ಸುತ್ತಿಗೆ ಹಿಡಿದ ಕೈ ಪೂರ್ತಿ ಮರೆಯಾಗಿರಲಿಲ್ಲ. 1851ರ ಒಂದು ಫಾರ್ದಿಂಗಿನಲ್ಲಿ ಮಲಗಿದ ಡಿ ಮೇಲೆ ನಿಂತ ಡಿ ಇದೆ. 1856ರ ಒಂದರಲ್ಲಿ 'ವಿಕ್ಟೋರಿಯಾ' ಹೆಸರಿನ ಆರ್ ಅಡಿಯಲ್ಲಿ ಇ ಇಣುಕುತ್ತದೆ. 1858ರ ಪೆನ್ನಿಗಳಲ್ಲಿ ಕೊನೆಯ 8ರ ಕೆಳಗೆ 7 ಕಾಣುವುದುಂಟು, ಹಳೆಯ ಅಚ್ಚನ್ನೇ ಹೊಸ ವರ್ಷಕ್ಕೆ ತಿದ್ದಿದ್ದು. 1860ರ ತಾಮ್ರದ ಪೆನ್ನಿಯಂತೂ 59ರ ಮೇಲೆ 60 ಹೊಡೆದದ್ದೇ. ಅದು ಬಲು ಅಪರೂಪ, ಏಕೆಂದರೆ ಅದೇ ವರ್ಷ ತಾಮ್ರ ಹೋಗಿ ಕಂಚು ಬಂತು.

ಬೆಲೆ ಎಷ್ಟು ಬರುತ್ತದೆ ಎಂದೂ ಕೇಳುತ್ತಾರೆ. ಕೆಲವಕ್ಕೆ ಒಳ್ಳೆಯ ಬೆಲೆ ಇದೆ, ಹೆಚ್ಚಿನವಕ್ಕೆ ಇಲ್ಲ. ದುಡ್ಡಿಗಾಗಿ ಈ ದಾರಿಗೆ ಬರಬೇಡಿ.

ಇದರಲ್ಲಿ ನಮ್ಮದೇನು ಎನ್ನುವವರಿಗೆ ಎರಡು ನಾಣ್ಯ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕಾಗಿ 1803 ಮತ್ತು 1808ರ ಇಸವಿಯ ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಇದೇ ಸೋಹೋದಲ್ಲಿ ಹೊಡೆಸಿತು. ಅವನ್ನು ಟನ್ನುಗಟ್ಟಲೆ ತರುತ್ತಿದ್ದ 'ಅಡ್ಮಿರಲ್ ಗಾರ್ಡನರ್' ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. ಇನ್ನೊಂದು, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು. ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಅದರ ಮೇಲಿವೆ. ಸೋಹೋದ್ದು ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದಂತೆ. ಮೈಸೂರಿನದರಲ್ಲಿ ಅಚ್ಚು ಬದಲಾದಂತೆಲ್ಲ ಅಕ್ಷರದ ಆಕಾರವೂ ಬದಲಾಗುತ್ತದೆ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಲಂಡನ್ನಿನ ಕೆಲಸಗಾರ ಲ್ಯಾಟಿನ್ ಜೊತೆ ಪಟ್ಟ ಪಾಡನ್ನೇ ಇಲ್ಲಿಯ ಅಕ್ಕಸಾಲಿ ಇಂಗ್ಲಿಷ್ ಜೊತೆ ಪಟ್ಟಿದ್ದಾನೆ.

ಶುರುಮಾಡುವ ಮನಸ್ಸಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಸಾಕು. ದೀಪವನ್ನು ಮೇಲಿಂದ ಬಿಡಬೇಡಿ, ಒಂದು ಬದಿಯಿಂದ ಬಿಟ್ಟು ನಾಣ್ಯವನ್ನು ನಿಧಾನ ತಿರುಗಿಸಿ. ಅಡಿಯಲ್ಲಿರುವ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಎರಡು ನಾಣ್ಯ ಒಂದೇ ಅಚ್ಚಿನವೇ ಎಂದು ತಿಳಿಯಲು ಒಂದು ಅಕ್ಷರ ಅಂಚಿನ ಯಾವ ಹಲ್ಲಿಗೆ ನೇರವಾಗಿದೆ ಎಂದು ಹೋಲಿಸಿ. ಹುಣಸೆಹಣ್ಣು ಹಾಕಿ ಉಜ್ಜುವುದು ಬೇಡವೇ ಬೇಡ, ಉಜ್ಜಿದ ತಾಮ್ರದ ಮೇಲೆ ಪಂಚಿನ ಸೂಕ್ಷ್ಮ ಗುರುತು ಉಳಿಯುವುದಿಲ್ಲ. ಮೊದಲಿಗೆ ವಿಲಿಯಂ ಹಿಂದೆ ಹೋಗದೆ 1799ರ ಹಾಫ್ ಪೆನ್ನಿಗಳನ್ನು ನಾಲ್ಕಾರು ತರಿಸಿಕೊಳ್ಳಿ. ಅಗ್ಗವಾಗಿ ಸಿಗುತ್ತವೆ, ಮತ್ತು ಹಡಗಿನ ಕಿಂಡಿಗಳನ್ನು ಎಣಿಸಲು ಲ್ಯಾಟಿನ್ ಬೇಕಿಲ್ಲ.