ಇಪ್ಪತ್ತು ಸೆಕೆಂಡ್ ಮುಂದಿದ್ದ ವಿಶ್ಲೇಷಕರು

"ಎಡಮೂಲೆ ಖಾಲಿ ಬಿಟ್ಟಿದ್ದಾರೆ. ಚೆಂಡು ಅಲ್ಲಿಗೇ ಹೋಗುತ್ತದೆ, ಅವನು ಹೊಡೆಯುತ್ತಾನೆ."

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ (ಪ್ರಶಸ್ತಿ ಸುತ್ತಿನ) ಪಂದ್ಯವೊಂದರ ಕೊನೆಯ ಕ್ವಾರ್ಟರ್‌ನಲ್ಲಿ ನನ್ನ ಹಿರಿಯ ಮಿತ್ರರು ಕಳುಹಿಸಿದ ಈ ಸಂದೇಶವನ್ನು ಈ ವಾರ ಎಷ್ಟು ಸಲ ತೆರೆದು ಓದಿದ್ದೇನೋ ಲೆಕ್ಕವಿಲ್ಲ. ಅದು ಬಂದಾಗ ನನ್ನ ಪರದೆಯ ಮೇಲೆ ದಾಳಿಯನ್ನು ಮುನ್ನಡೆಸುವ ಪಾಯಿಂಟ್ ಗಾರ್ಡ್ ಇನ್ನೂ ಅಂಕಣದ ನಡುಗೆರೆಯನ್ನು ದಾಟಿರಲಿಲ್ಲ. ಅನಂತರ ಅವನು ಬಲಬದಿಯಿಂದ ರಿಂಗ್‌ನತ್ತ ನುಗ್ಗಿದ, ಅವನನ್ನು ತಡೆಯಲು ಎಡಮೂಲೆಯ ಡಿಫೆಂಡರ್ ಒಳಗೆ ಸರಿದ, ಚೆಂಡು ಎಡಮೂಲೆಗೆ ಹಾರಿತು, ಮೂರು ಅಂಕ ಬಂತು. ನಾನು ಕುಳಿತಲ್ಲಿಂದಲೇ ಆ ಮಿತ್ರರಿಗೆ ಮನಸ್ಸಿನಲ್ಲಿ ಕೈಮುಗಿದೆ.

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಯಾರನ್ನೂ ಸುಲಭವಾಗಿ ಹೊಗಳುವವರಲ್ಲ. "ನನ್ನ ಎಣಿಕೆ ತಪ್ಪಾಯಿತು" ಎಂಬ ವಾಕ್ಯವನ್ನು ಅವರ ಬಾಯಿಂದ ನಾನು ಇದುವರೆಗೆ ಕೇಳಿಲ್ಲ. ಪಂದ್ಯ ನಡೆಯುತ್ತಿರುವಾಗಲೇ ಅವರು ಒಂದೊಂದು ದಾಳಿಯನ್ನೂ ಬಿಡಿಸಿ ಬರೆಯುತ್ತಾರೆ. ಈ ಋತುವಿನುದ್ದಕ್ಕೂ ಅವರು ಬರೆದದ್ದೆಲ್ಲ ಕೆಲವೇ ಕ್ಷಣಗಳಲ್ಲಿ ನನ್ನೆದುರು ನಿಜವಾಗುತ್ತಿದ್ದುದರಿಂದ, ದೂರದರ್ಶನದ ವೀಕ್ಷಕವಿವರಣೆಯ ಧ್ವನಿಯನ್ನು ತಗ್ಗಿಸಿ ಇವರ ಸಂದೇಶಗಳನ್ನೇ ಓದುತ್ತ ಆಟ ನೋಡುವ ಅಭ್ಯಾಸ ನನಗೆ ಅಂಟಿಕೊಂಡಿತ್ತು.

ಗುಟ್ಟು ಬಯಲಾದದ್ದು ಅದೇ ಪಂದ್ಯದ ಕೊನೆಯಲ್ಲಿ. "ಈಗೇಕೆ ಟೈಮ್‌ಔಟ್ ಕೇಳಿದರು?" ಎಂದು ಅವರು ಬರೆದಾಗ ನನ್ನ ಪರದೆಯಲ್ಲಿ ಚೆಂಡು ಕೈಯಿಂದ ಕೈಗೆ ಓಡುತ್ತಲೇ ಇತ್ತು. ನಿಮ್ಮಲ್ಲಿ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ. 1 ನಿಮಿಷ 12 ಸೆಕೆಂಡ್‌ಗೆ ನಿಂತಿದೆ ಎಂದರು. ಅವರ ಉತ್ತರ ಬಂದಾಗ ನನ್ನಲ್ಲಿ 1 ನಿಮಿಷ 26 ಸೆಕೆಂಡ್ ಉಳಿದಿತ್ತು. ಇಬ್ಬರೂ ಬರೆಯಲು ತೆಗೆದುಕೊಂಡ ಹೊತ್ತನ್ನು ಸೇರಿಸಿದರೆ, ಅವರ ಪ್ರಸಾರ ನನ್ನದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಸೆಕೆಂಡ್ ಮುಂದಿತ್ತು. 1954ರಿಂದ ಎನ್‌ಬಿಎಯಲ್ಲಿ ಒಂದು ದಾಳಿಗೆ ಇರುವ ಗಡುವು 24 ಸೆಕೆಂಡ್. ಅಂದರೆ ಆ ಮಹನೀಯರು ನನಗಿಂತ ಹೆಚ್ಚುಕಡಿಮೆ ಒಂದು ದಾಳಿಯಷ್ಟು ಮುಂದಿನ ಕಾಲದಲ್ಲಿ ಬದುಕುತ್ತಿದ್ದರು!

ಅವರು ಮೋಸವನ್ನೇನೂ ಮಾಡಿರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದರು. ಎಡವಟ್ಟಾದದ್ದು ನಮ್ಮ ಕ್ರಿಯಾಪದದಿಂದ: ಕನ್ನಡದಲ್ಲಿ "ಹೊಡೆಯುತ್ತಾನೆ" ಎಂದರೆ ಈಗ ಹೊಡೆಯುತ್ತಿದ್ದಾನೆ ಎಂದೂ ಆದೀತು, ಇನ್ನು ಹೊಡೆಯಲಿದ್ದಾನೆ ಎಂದೂ ಆದೀತು. ಅವರು ವರ್ತಮಾನದಲ್ಲಿ ಬರೆದದ್ದನ್ನು ನಾನು ಭವಿಷ್ಯತ್ತಿನಲ್ಲಿ ಓದಿಕೊಂಡೆ. "ಖಾಲಿ ಬಿಟ್ಟಿದ್ದಾರೆ" ಎಂಬ ಮಾತಾದರೂ ನನ್ನನ್ನು ಎಚ್ಚರಿಸಬೇಕಿತ್ತು. ನನ್ನ ಪರದೆಯಲ್ಲಿ ಆಗಿನ್ನೂ ಆ ಮೂಲೆಗೆ ಯಾರೂ ತಲುಪಿಯೇ ಇರಲಿಲ್ಲ. ಇದಕ್ಕಿಂತ ತಮಾಷೆಯ ಸಂಗತಿಯೆಂದರೆ, ನನ್ನ ಸಂದೇಶಗಳು ಸದಾ ಒಂದು ದಾಳಿಯಷ್ಟು ತಡವಾಗಿ ತಲುಪುತ್ತಿದ್ದುದರಿಂದ, ನನಗೆ ಆಟ ಅರ್ಥವಾಗುವುದೇ ನಿಧಾನವೆಂದು ಅವರು ಭಾವಿಸಿದ್ದರಂತೆ.

ನಕ್ಕು ಮುಗಿದ ಮೇಲೂ ಆ ವಾಕ್ಯ ನನ್ನನ್ನು ಬಿಡಲಿಲ್ಲ. ಆ ದಾಳಿಯ ಫಲವನ್ನು ಮೊದಲೇ ನೋಡದೆಯೂ ಯಾರಾದರೂ ಅದನ್ನು ಬರೆಯಬಹುದಿತ್ತೇ? ಬರೆಯಬಹುದಿತ್ತು ಎಂದೇ ನನಗೆ ಅನ್ನಿಸುತ್ತದೆ. ಎನ್‌ಬಿಎ ನಿಯಮದಂತೆ, ಎದುರಾಳಿಯೊಬ್ಬನನ್ನು ಹತ್ತಿರದಿಂದ ಕಾಯದೆ ಡಿಫೆಂಡರ್ ಪೇಂಟ್‌ನಲ್ಲಿ (ರಿಂಗ್‌ನ ಮುಂದಿನ ಆಯತಾಕಾರದ ಜಾಗದಲ್ಲಿ) 3 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಹೀಗಾಗಿ ಒಬ್ಬ ನುಗ್ಗಿ ಬಂದಾಗ ನೆರವಿಗೆ ಹೊರಗಿನಿಂದಲೇ ಯಾರಾದರೂ ಓಡಿ ಬರಬೇಕು, ಆ ಕೆಲಸ ಬಹಳ ಸಲ ಎದುರುಬದಿಯ ಮೂಲೆಯವನ ಪಾಲಿಗೆ ಬೀಳುತ್ತದೆ. ಅವನು ಬಿಟ್ಟುಬಂದ ಮೂಲೆಯಲ್ಲಿ ಮೂರು ಅಂಕದ ಗೆರೆ ರಿಂಗ್‌ನಿಂದ 6.7 ಮೀಟರ್ ದೂರದಲ್ಲಿದ್ದರೆ, ಎದುರಿನ ಕಮಾನಿನಲ್ಲಿ ಅದು 7.24 ಮೀಟರ್. ದಾಳಿಯ ತಂಡ ಆ ಅರ್ಧ ಮೀಟರಿನ ಉಳಿತಾಯಕ್ಕಾಗಿಯೇ ಅಲ್ಲೊಬ್ಬನನ್ನು ನಿಲ್ಲಿಸಿರುತ್ತದೆ. ಇಷ್ಟನ್ನು ತಿಳಿದವರಿಗೆ ಪಾಸು ಎಲ್ಲಿಗೆ ಹೋದೀತೆಂದು ಊಹಿಸುವುದು ಕಷ್ಟವಲ್ಲ. ಚೆಂಡು ಬೀಳುತ್ತದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ, ಮತ್ತು ನಾವು ಅಭಿಮಾನಿಗಳು ಎಡವುವುದು ಬಹುಪಾಲು ಅಲ್ಲಿಯೇ.

ನಾನೇನೂ ಇದಕ್ಕೆ ಹೊರತಲ್ಲ. 2013ರ ಫೈನಲ್ಸ್‌ನ, ಅಂದರೆ ಪ್ರಶಸ್ತಿ ನಿರ್ಧರಿಸುವ ಸರಣಿಯ, ಆರನೆಯ ಪಂದ್ಯವನ್ನೇ ತೆಗೆದುಕೊಳ್ಳಿ. ಕೊನೆಯ ಕ್ಷಣಗಳಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ 95-92ರಿಂದ ಮುಂದಿತ್ತು. ಕೋಚ್ ಗ್ರೆಗ್ ಪೊಪೊವಿಚ್, ತಮ್ಮ ಆಟಗಾರರು ಮೂರು ಅಂಕದ ಗೆರೆಯ ಬಳಿ ತಾವು ಕಾಯುವ ಎದುರಾಳಿಗಳನ್ನು ಚುರುಕಾಗಿ ಅದಲುಬದಲು ಮಾಡಿಕೊಳ್ಳಲು ಅನುಕೂಲವಾಗಲೆಂದು, ಎತ್ತರದ ಟಿಮ್ ಡಂಕನ್‌ರನ್ನು ಹೊರಗೆ ಕೂರಿಸಿದರು. ಎದುರಾಳಿ ಮಯಾಮಿ ಹೀಟ್ ತಂಡದ ಲೆಬ್ರಾನ್ ಜೇಮ್ಸ್ ಎಸೆದ ಚೆಂಡು ತಪ್ಪಿತು, ಅದೇ ತಂಡದ ಕ್ರಿಸ್ ಬಾಷ್ ರೀಬೌಂಡ್ (ಪುಟಿದು ಬಂದ ಚೆಂಡು) ಹಿಡಿದರು, ಮೂಲೆಗೆ ಹಿಂದೆ ಸರಿದ ಅವರ ಜೊತೆಗಾರ ರೇ ಆಲನ್ 5.2 ಸೆಕೆಂಡ್ ಉಳಿದಿರುವಾಗ ಮೂರು ಅಂಕ ಹೊಡೆದು ಪಂದ್ಯವನ್ನು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 103-100ರಿಂದ ಗೆದ್ದಿತು, ಏಳನೆಯ ಪಂದ್ಯವನ್ನೂ ಗೆದ್ದು ಪ್ರಶಸ್ತಿ ಪಡೆಯಿತು. ಡಂಕನ್ ಇದ್ದಿದ್ದರೆ ಆ ರೀಬೌಂಡ್ ಬಾಷ್‌ಗೆ ಸಿಗುತ್ತಿತ್ತೇ ಎಂದು ನಾನು ವರ್ಷಗಟ್ಟಲೆ ವಾದಿಸಿದ್ದೇನೆ. ಆ ಕೋಚ್ ಅಷ್ಟರಲ್ಲಾಗಲೇ ನಾಲ್ಕು ಪ್ರಶಸ್ತಿ ಗೆದ್ದಿದ್ದವರು ಎಂಬುದು ನನ್ನ ನಾಲಗೆಯನ್ನು ತಡೆಯಲಿಲ್ಲ. ಆದರೆ ಆ ಮಾತನ್ನು ನಾನು ಮೊದಲ ಬಾರಿಗೆ ಆಡಿದ್ದು ಚೆಂಡು ಬಾಷ್ ಕೈಸೇರಿದ ಮೇಲೆ. ಡಂಕನ್ ಅಂಕಣದಿಂದ ಬೆಂಚಿನತ್ತ ನಡೆದಾಗ ನಾನು ತುಟಿ ಬಿಚ್ಚಿರಲಿಲ್ಲ. ಚೆಂಡು ಬೇರೊಂದು ಕಡೆಗೆ ಪುಟಿದು ಸ್ಪರ್ಸ್ ಆಟಗಾರನೊಬ್ಬನ ಕೈಗೆ ಸಿಕ್ಕಿದ್ದರೆ ಆ ಬದಲಾವಣೆ ನನ್ನ ನೆನಪಿನಲ್ಲಿಯೂ ಉಳಿಯುತ್ತಿರಲಿಲ್ಲ. ಹಾಗಿರುವಾಗ ಆ ಮಿತ್ರರನ್ನು ನೋಡಿ ನಗುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ನಾನು ಹತ್ತಾರು ವರ್ಷಗಳಷ್ಟು ಮುಂದೆ ಕುಳಿತು ಪೊಪೊವಿಚ್‌ಗೆ ಸಲಹೆ ಕೊಡುತ್ತಿದ್ದವನು.

ಮುಂದಿನ ಪಂದ್ಯಕ್ಕೆ ಅವರು ತಮ್ಮ ಪ್ರಸಾರವನ್ನು ಸ್ವಲ್ಪ ತಡೆದು ನಿಲ್ಲಿಸಿ, ಇಬ್ಬರ ಗಡಿಯಾರಗಳನ್ನೂ ಹೊಂದಿಸಿಕೊಂಡರು. ಏನೇ ಬರೆಯುವುದಿದ್ದರೂ ಚೆಂಡು ನಡುಗೆರೆ ದಾಟುವ ಮೊದಲೇ ಬರೆಯಬೇಕೆಂದು ಒಪ್ಪಂದವಾಯಿತು. ಮೊದಲ ಕ್ವಾರ್ಟರ್‌ನಲ್ಲಿ ಅವರಿಂದ ಒಂದಕ್ಷರವೂ ಬರಲಿಲ್ಲ. ನಾನು ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾಯಿತು. ಮೂರನೆಯ ಕ್ವಾರ್ಟರ್‌ನ ನಡುವೆ ಕೊನೆಗೂ ಅವರ ಸಂದೇಶ ಬಂತು: "ಎಡಮೂಲೆ ಖಾಲಿಯಾಗುತ್ತದೆ. ಚೆಂಡು ಅಲ್ಲಿಗೇ ಹೋಗುತ್ತದೆ, ಅವನು ಹೊಡೆಯುತ್ತಾನೆ." ಮೂಲೆ ಖಾಲಿಯಾಯಿತು, ಚೆಂಡು ಅಲ್ಲಿಗೇ ಹೋಯಿತು, ಅವನು ಹೊಡೆದ. ಚೆಂಡು ರಿಂಗ್‌ನ ಅಂಚಿಗೆ ತಾಗಿ ಹೊರಗೆ ಹಾರಿತು. ತಪ್ಪಿತಲ್ಲ ಸರ್, ಎಂದು ಬರೆದೆ.

"ಹೊಡೆಯುತ್ತಾನೆ ಎಂದೆ, ಬೀಳುತ್ತದೆ ಎನ್ನಲಿಲ್ಲ" ಎಂದು ಉತ್ತರ ಬಂತು.